ಉಡಿದಾರದ ಗಂಟು

"ಉಸಿರು ಬಿಗಿ ಹಿಡೀಬ್ಯಾಡ್ರಿ, ಪಾರ್ವತೆಮ್ಮ," ಎಂದಳು ಅರಿವಳಿಕೆ ಕೊಡುವ ಡಾಕ್ಟರ್ ಅನುಪಮಾ. ಬಲಗಂಕುಳಿಗೆ ತಣ್ಣನೆಯ ಜೆಲ್ಲು ತಾಗಿತು. ಸ್ಕ್ಯಾನಿಂಗ್ ಪರದೆಯ ಮೇಲೆ ಕಪ್ಪು ಉಂಗುರವೊಂದು ಮಿಡಿಯುತ್ತಿತ್ತು. "ಅದು ರಕ್ತನಾಳ. ಸುತ್ತ ಬೆಳ್ಳಗ ಕಾಣ್ತಾವಲ್ಲ, ಅವು ನರ. ಅವುಗಳ ಬಾಜೂಕ ಔಷಧ ಬಿಟ್ರ ಕೈಯಷ್ಟ ಮಲಗ್ತದ. ನೀವು ಎಚ್ಚರ ಇರ್ತೀರಿ."

"ಬೆರಳು ಉಳೀತಾವೇನ್ರಿ? ರೊಟ್ಟಿ ಬಡಿಯೋ ಕೈರೀ ಇದು. ಇದರ ಮ್ಯಾಲೆ ಮನಿ ನಡೀತದ."

"ಬಿಚ್ಚಿ ನೋಡೋಣು."

ವಾರದ ಹಿಂದೆ ಮಸ್ಕಿಯ ಗಿರಣಿಯಲ್ಲಿ ಬೆಲ್ಟಿಗೆ ಸಿಕ್ಕು ಅವಳ ಎರಡು ಬೆರಳು ಸೀಳಿದಾಗ ಗಂಡ ಯಂಕೋಬ ಹಿಂದುಮುಂದು ನೋಡದೆ ತನ್ನ ಸೊಂಟದ ಉಡಿದಾರ ಕಿತ್ತು ಬೆರಳ ಬುಡಕ್ಕೆ ಬಿಗಿದಿದ್ದ. ರಕ್ತ ನಿಂತಿತು. ಮೇಲೆ ಅರಿಶಿನ ಮೆತ್ತಿ ಹಳೇ ಪತ್ತಲದ ಸೆರಗು ಹರಿದು ಸುತ್ತಿದರು. "ಹೊಸಾದು ಯಾಕ? ನಿನ್ನ ಬೆರಳು ಮಾಯ್ಲಿ, ಅದನ್ನಾ ತಿರುಗಿ ಕಟ್ಕೋತೀನಿ," ಎಂದು ಬರಿಸೊಂಟದಲ್ಲೇ ಓಡಾಡಿದ. ತುತ್ತು ಮಾಡಿ ಉಣಿಸಿದ. ನೋವು ಹೋಗಿ ಬೆರಳು ಜೋಮು ಹಿಡಿದಾಗ ಮಾಯುತ್ತಿದೆ ಎಂದೇ ಇಬ್ಬರೂ ತಿಳಿದರು. ವಾಸನೆ ಬಂದ ಮೇಲೆ ಸಿಂಧನೂರಿನ ಬಸ್ಸು ಹತ್ತಿದ್ದು.

ಔಷಧ ಇಳಿದು ತೋಳು ಕಟ್ಟಿಗೆಯಂತಾಯಿತು. ಆದರೆ ಮುಷ್ಟಿ ಇನ್ನೂ ಎದೆಯ ಮೇಲೆ, ಬಸ್ಸಿನಲ್ಲಿ ಒತ್ತಿ ಹಿಡಿದ ಹಾಗೇ ಇದೆ ಅನಿಸಿತು. ಹೊರಳಿ ನೋಡಿದರೆ ಕೈ ಅತ್ತ ಹಲಗೆಯ ಮೇಲೆ ಚಾಚಿಕೊಂಡಿತ್ತು. ನಡುವೆ ಹಸಿರು ಬಟ್ಟೆ ಎಳೆದರು.

ಕತ್ತರಿಯ ಸದ್ದಾಯಿತು, ನಿಂತಿತು.

"ಗಾಯ ಏನಂಥಾದ್ದಲ್ಲ," ಬಟ್ಟೆಯಾಚೆ ಆಪರೇಷನ್ ಡಾಕ್ಟರ ದನಿ. "ಹೊಲಿಗಿ ಹಾಕಿದ್ರ ಮುಗೀತಿತ್ತು. ಈ ದಾರ ಬೆರಳು ಕೊಂದದ. ಎರಡೂ ತೆಗೀಬೇಕು. ಯಾರಮ್ಮ ಕಟ್ಟಿದ್ದು?"

ಬಾಗಿಲಾಚೆ ಯಂಕೋಬ ಕೆಮ್ಮಿದ.

"ನಾನರೀ," ಎಂದಳು ಪಾರ್ವತೆಮ್ಮ.

"ಒಂದ ಕೈಲೆ ಇಂಥಾ ಗಂಟೇನು?"

"ಹಲ್ಲಾಗ ಕಚ್ಚಿ ಜಗ್ಗಿದೆರೀ."

ಅನುಪಮಾ ಬಟ್ಟೆಯಾಚೆ ಇಣುಕಿದಳು. "ಇದು ಗಂಡಸರ ಉಡಿದಾರ," ಎಂದಳು ಮೆಲ್ಲಗೆ. "ಹೊರಗ ನಿಮ್ಮ ಯಜಮಾನರಿಗೆ ಹೇಳ್ಲೇನು?"

"ಬ್ಯಾಡ್ರಿ ಅಕ್ಕಾರ. ನಾನಾ ಹೇಳ್ತೀನಿ. ನೀವು ತೆಗೀರಿ."

ವಾರ್ಡಿಗೆ ಯಂಕೋಬ ಜಾರುವ ಧೋತರವನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಬಂದ.

"ಏನಂದ್ರು ಪಾರೀ?"

"ಎರಡು ಬೆರಳು ಹೋದ್ವು. ಬೆಲ್ಟಿಗೆ ಸಿಕ್ಕಾಗ್ಲೇ ಹೋಗಿದ್ವಂತ."

"ನಾ ಕಟ್ಟದಿದ್ರ?"

"ಜೀವಾನೂ ಹೋಗ್ತಿತ್ತಂತ."

ಅವನು ತಲೆಯಾಡಿಸಿ, ಬ್ಯಾಂಡೇಜಿನ ಕೈಯನ್ನು ಮೆಲ್ಲಗೆ ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡ. ಕೈ ಇನ್ನೂ ಮಲಗಿತ್ತು; ಅವನು ಮುಟ್ಟಿದ್ದು ಅವಳಿಗೆ ತಿಳಿಯಲಿಲ್ಲ. ಎದೆಯ ಮೇಲೆ, ಏನೂ ಇಲ್ಲದ ಕಡೆ, ಐದೂ ಬೆರಳು ಇನ್ನೂ ಮುಷ್ಟಿ ಬಿಗಿದೇ ಇದ್ದವು.