ಧೂಳಿಗೆ ರಜೆ

"ಏ ಹಾಲವ್ವ, ನಿನ್ನ ಗಂಡನ್ನ ಗುಡ್ಡದ ಹಿಂದಕ ಎಳಕೊಂಡ ಹೋಗ. ಮಷೀನಿಗೇ ರಜಾ ಕೊಟ್ಟೀವಿ, ಆ ಸೂಳೀಮಗನ ಕೆಮ್ಮಿಗೊಂದ ರಜಾ ಇಲ್ಲೇನ?"

ಆಳುಗಳ ಮೇಲಿನ ಮುಕಾದಮ ಚಂದ್ರಾಮನ ಬಾಯಿ ಅದು. ಅವನೂ ನಮ್ಮ ಬಿಜಾಪುರ ಕಡೆಯವನೇ. ಮಾಲೀಕ ಶೇಟ್‌ನ ಹಳೇ ಬೂಟು ಕಾಲಿಗೆ ಬಂದ ದಿನವೇ ಶೇಟ್‌ನ ನಾಲಿಗೆಯೂ ಬಾಯಿಗೆ ಬಂದಿತ್ತು.

ಎಮರ್ಜೆನ್ಸಿ ಮುಗಿದ ಬೇಸಿಗೆ. ಮುಂಬಯಿಯ ಜೋಗೇಶ್ವರಿಯ ಗುಡ್ಡದಲ್ಲಿ ನಾವು ಕಲ್ಲು ಒಡೆದು ಕ್ರಷರಿನ ಬಾಯಿಗೆ ಸುರಿಯುತ್ತಿದ್ದೆವು. ಅದು ಜಲ್ಲಿ ಖಡಿಯನ್ನು ಶೇಟ್‌ಗೆ ಉಗುಳಿ, ಧೂಳನ್ನು ನಮ್ಮ ಪಾಲಿಗೆ ಬಿಡುತ್ತಿತ್ತು. ಹಾಲವ್ವನ ಗಂಡ ಗುರಲಿಂಗಪ್ಪನ ಎದೆಯಲ್ಲಿ ಹನ್ನೆರಡು ವರ್ಷದ ಧೂಳಿತ್ತು. ಇನ್ನಷ್ಟು ಕುಡಿದರೆ ಈ ಮನುಷ್ಯ ದೀಪಾವಳಿ ಕಾಣುವುದಿಲ್ಲ ಎಂದು ದವಾಖಾನೆಯ ಡಾಕ್ಟರ್ ಹಾಲವ್ವನಿಗೆ ಹೇಳಿದ್ದ. ಶೇಟ್ ಮಾತ್ರ ಎರಡನೇ ಕ್ರಷರ್ ತರಿಸುವವನಿದ್ದ, ಅದೂ ಅವಳ ಝೋಪಡಿಯ ಗೋಡೆಗೆ ಹತ್ತಿಕೊಂಡೇ. ಸರ್ಕಾರದ ಸಾಹೇಬರು ಬಂದು ಗಾಳಿ ಅಳೆದು ‘ಧೂಳಿಲ್ಲ’ ಎಂದು ಬರೆದುಬಿಟ್ಟರೆ ಆಯಿತು.

ಅಳೆಯುವ ದಿನ ಕ್ರಷರ್ ಬಂದ್. ನಮಗೆ ಕುಡಿಯಲು ಬಂದ ಟ್ಯಾಂಕರಿನ ನೀರನ್ನು ರಸ್ತೆಗೆ ಕುಡಿಸಿದರು. ಚಂದ್ರಾಮ ‘ಸರೀರಿ, ಅತ್ತಾಗ ಸರೀರಿ’ ಎನ್ನುತ್ತ ನಮ್ಮನ್ನು ಗುಡ್ಡದ ಹಿಂದಕ್ಕೆ ಅಟ್ಟಿದ. ಸಾಹೇಬರು ನೋಡಬರುವ ಪರಿಸರ ಅಂದರೆ ಇದೇ ಇರಬೇಕು, ನಾವು ಸರಿಯುವುದು ಎಂದುಕೊಂಡೆವು.

ಬಂಡೆಯ ಸಂದಿಯಿಂದ ಎಲ್ಲ ಕಾಣುತ್ತಿತ್ತು, ಕೇಳುತ್ತಿತ್ತು. ಜೀಪಿನಿಂದ ಇಳಿದ ರಮಾನಾಥ ಸಾಹೇಬರು ಉಡುಪಿ ಕಡೆಯವರು, ಅಮೆರಿಕದಲ್ಲಿ ಕಲಿತವರು. ಗಾಳಿ ಹೀರುವ ಪೆಟ್ಟಿಗೆಯೊಂದನ್ನು ಮೂರು ಕಾಲಿನ ಮೇಲೆ ನಿಲ್ಲಿಸಿ, ಧೂಳು ಹಿಡಿಯಲು ಒಳಗೆ ಬಿಳಿ ಕಾಗದ ಇಟ್ಟರು. ಪೆಟ್ಟಿಗೆ ಗುಂಯ್ ಎನ್ನುತ್ತಿದ್ದಂತೆ ಶೇಟ್‌ಗೆ ಅಮೆರಿಕದ ಪಾಠವಾಯಿತು. ಅಲ್ಲಿ ಕಾರ್ಖಾನೆ ಕಟ್ಟುವ ಮೊದಲೇ ಅಳೆಯುತ್ತಾರಂತೆ. ಇಲ್ಲಿ ಹನ್ನೆರಡು ವರ್ಷ ಓಡಿಸಿ, ಒಂದು ದಿನ ನಿಲ್ಲಿಸಿ ಅಳೆಯುತ್ತಿದ್ದರು. ಅಲ್ಲಿಯ ವರದಿ ಹೊರಲು ಇಬ್ಬರು ಬೇಕಂತೆ. ಇಲ್ಲಿಯದು ಶರ್ಟಿನ ಜೇಬಿನಲ್ಲಿ ಬಂದಿತ್ತು. ಅಲ್ಲಿ ಕಪ್ಪೆಗಳಿಗೆ ತೊಂದರೆಯಾದೀತೆಂದು ರಸ್ತೆಯನ್ನೇ ಬಾಗಿಸಿದ್ದರಂತೆ. ನಮ್ಮಲ್ಲಿ ಕಪ್ಪೆಗಳೇ ಇಲ್ಲ ಎಂದು ಶೇಟ್ ಕೈಮುಗಿದು ಭರವಸೆ ಕೊಟ್ಟ.

ಅಲ್ಲಿ ಸುತ್ತಲಿನ ಜನರನ್ನು ಕೇಳದೆ ಸಹಿ ಇಲ್ಲವಂತೆ. ಶೇಟ್ ಅದಕ್ಕೂ ತಯಾರಿದ್ದ. ಅಂಧೇರಿಯ ಹೋಟೆಲೊಂದರಿಂದ ಎಂಟು ಮಂದಿ ವೇಟರುಗಳನ್ನು ಲಾರಿಯಲ್ಲಿ ತರಿಸಿ ಸುತ್ತಲಿನ ಜನ ಎಂದು ಸಾಲಾಗಿ ನಿಲ್ಲಿಸಿದ. ಎಲ್ಲರದೂ ಬಿಳಿ ಅಂಗಿ. ಧೂಳಿದ್ದರೆ ಅಂಗಿ ಹಾಗಿರುತ್ತಿತ್ತೇ? ಅವರಲ್ಲಿ ಹಿರಿಯ ಕೊರಗಪ್ಪ, ಗಾಳಿ ಹೇಗಿದೆ ಎಂದು ಸಾಹೇಬರು ಕೇಳಿದ್ದೇ ತಡ, ಆರ್ಡರ್ ತೆಗೆದುಕೊಳ್ಳುವವನಂತೆ ಬಾಗಿದ.

"ಭಾರೀ ಲಾಯ್ಕುಂಟು ಸಾರ್. ಈಗಷ್ಟೇ ಬಂದದ್ದು, ಫ್ರೆಶ್."

ತಮ್ಮ ಉಡುಪಿ ಕಡೆಯ ಮಾತು ಕೇಳಿ ಸಾಹೇಬರ ಮುಖ ಅರಳಿತು. ಅದನ್ನೂ ಬರೆದುಕೊಂಡರು. ಪೆಟ್ಟಿಗೆಯೊಳಗೆ ಇಣುಕಿದರು; ಕಾಗದ ಬೆಳ್ಳಗೇ ಇತ್ತು. ಸಹಿಗೆ ಪೆನ್ನು ತೆಗೆದರು.

ಹಾಲವ್ವ ಎದ್ದಳು. ಝೋಪಡಿಗೆ ಹೋಗಿ ಗಂಡ ಹೊದೆಯುವ ಕೌದಿ ಹೊತ್ತು ಬಂದಳು. ಬೆಳಗಾದರೆ ನಮ್ಮ ಹೆಂಗಸರ ಮೊದಲ ಕೆಲಸವೇ ಧೂಳು ಕೂತ ಕೌದಿ ಝಾಡಿಸುವುದು. ಆ ದಿನ ಚಂದ್ರಾಮ ಬಿಟ್ಟಿರಲಿಲ್ಲ. ಅವಳನ್ನು ಕಂಡು ಸೋಮವ್ವ ಎದ್ದಳು, ಮಲ್ಲಕ್ಕ ಎದ್ದಳು. ಹದಿನಾರು ಕೌದಿ ಗುಡ್ಡ ಇಳಿದವು. ಅಡ್ಡ ಬಂದ ಚಂದ್ರಾಮನಿಗೆ ಮಲ್ಲಕ್ಕ, ಬೂಟು ಕಳೆದು ಬಾ, ಆಮೇಲೆ ಮಾತಾಡೋಣ ಎಂದು ಮೊಣಕೈಯಿಂದ ತಿವಿದಳು.

ಗಾಳಿ ಬರುವ ದಿಕ್ಕು ನೋಡಿ, ಪೆಟ್ಟಿಗೆಯ ಆ ಬದಿಗೆ ಸಾಲಾಗಿ ನಿಂತರು.

"ಸಾಹೇಬ್ರ, ಇಲ್ಲೇ ಇರಾವ್ರು ನಾವು," ಅಂದಳು ಹಾಲವ್ವ. "ನಮ್ಮನ್ನೂ ಅಳಕೋರಿ."

ಹದಿನಾರು ಕೌದಿಗಳು ಒಟ್ಟಿಗೆ ಎದ್ದು ಬಿದ್ದವು.

ಬಿಳಿ ಅಂಗಿಗಳು, ಜೀಪು, ಪೆನ್ನು, ಏನೂ ಕಾಣಲಿಲ್ಲ. ಮೂರು ಕೆಮ್ಮು ಮಾತ್ರ ಕೇಳಿದವು. ಶೇಟ್‌ನದು ಸೋಡಾ ಬಂದ ಮೇಲೆ ನಿಂತಿತು. ಸಾಹೇಬರದು ಜೀಪಿನ ಬಾಗಿಲು ಹಾಕಿಕೊಂಡ ಮೇಲೆ ನಿಂತಿತು. ಗುಡ್ಡದ ಹಿಂದಿನದು ನಿಲ್ಲಲಿಲ್ಲ.

ಪೆಟ್ಟಿಗೆಯೂ ನಿಂತಿರಲಿಲ್ಲ, ಗುಂಯ್ ಎನ್ನುತ್ತಲೇ ಇತ್ತು. ಹಾಲವ್ವ ಕೌದಿಯ ಇನ್ನೊಂದು ಮಗ್ಗುಲು ತಿರುವಿದಳು.