ಒಂದೇ ಗೆರೆ ಸಿಗ್ನಲ್

ಅಂಚಿನವರೆಗೆ ತುಂಬಿದ ಪಾತ್ರೆ ಹಿಡಿದವಳ ಹಾಗೆ, ಅವಳು ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಹೊತ್ತು ಮನೆಯೆಲ್ಲ ಸುತ್ತುತ್ತಿದ್ದಳು. ಅಡುಗೆಮನೆಯಲ್ಲಿ ವೈಫೈ ಒಂದು ಗೆರೆ. ಅವಳ ಕೋಣೆಯಲ್ಲಿ ಅದೂ ಇಲ್ಲ. ನಡುಮನೆಯ ಕಿಟಕಿಯ ಹತ್ತಿರ ಎರಡನೆಯ ಗೆರೆ ಮೂಡಿದ ಹಾಗೆ ಮಾಡಿ ಮಾಯವಾಯಿತು.

"ಇದಕ್ಕೆ ಅಪ್‌ಗ್ರೇಡ್ ಒತ್ತಿದ್ದು ಯಾರಮ್ಮ?" ಎಂದು ತಾಯಿಯನ್ನು ಕೇಳಿದಳು.

"ನಾನೇ," ಎಂದ ತಾಯಿಯ ಗಂಡ, ಗೋಡೆಗೆ ಒರಗಿ ನಿಂತಲ್ಲಿಂದ. "ನಿನ್ನೆ ಅಂಗಡಿ ಬೋರ್ಡ್ ಬರೆಯೋಕೆ ತಗೊಂಡಿದ್ನಲ್ಲ, ಆವಾಗ. ಮಾಡ್ಲಾ, ಮಾಡ್ಲಾ ಅಂತ ಕೇಳ್ತಾನೇ ಇತ್ತು, ಪಾಪ."

'ಪಾಪ' ಎಂದದ್ದಕ್ಕೆ ಅವಳ ಹುಬ್ಬು ಗಂಟಿಕ್ಕಿತು. ಅವನು ಕನ್ನಡಕದ ಅಂಗಡಿ ಇಟ್ಟವನು. ಆಗಾಗ ಒರೆಸಿ, ತಿರುಪು ಬಿಗಿ ಮಾಡಿಕೊಂಡಿದ್ದರೆ ಯಾವ ವಸ್ತುವೂ ಬಾಳಿಕೆ ಬರುತ್ತದೆ ಎಂದು ನಂಬಿದವನು. ಒಳ್ಳೆಯದಾಗಲಿ ಎಂದೇ ಒತ್ತಿದ್ದ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದಲೂ ಹೆಂಡತಿಯ ಮಗಳಿಗೆ ಒಳ್ಳೆಯದು ಮಾಡಲು ಹೋದಾಗಲೆಲ್ಲ ಹೀಗೇ ಏನಾದರೊಂದು ಎಡವಟ್ಟಾಗುತ್ತಿತ್ತು.

ಕಿವುಡ ಮಕ್ಕಳ ಶಾಲೆಯವರು ಟೀಚರ್ ಕೆಲಸಕ್ಕೆ ಇನ್ನು ಸ್ವಲ್ಪ ಹೊತ್ತಿನಲ್ಲೇ ವಿಡಿಯೋ ಕರೆಯಲ್ಲಿ ಅವಳನ್ನು ಸಂದರ್ಶನ ಮಾಡುವವರಿದ್ದರು. ಸಂದರ್ಶನವೆಲ್ಲ ಕೈಸನ್ನೆಯಲ್ಲೇ. ಬಾಯಿಮಾತಾಗಿದ್ದರೆ ಹೇಗೋ ತಡವರಿಸಿಕೊಂಡಾದರೂ ದಾಟುತ್ತಿತ್ತು. ಚಿತ್ರ ನಿಂತುಬಿಟ್ಟರೆ ಕೈ ಗಾಳಿಯಲ್ಲೇ ಹೆಪ್ಪುಗಟ್ಟಿ, ಮಾತು ಅಲ್ಲಿಗೇ ಮುಗಿಯುತ್ತದೆ. ಮೊಬೈಲಿನ ನೆಟ್ಟು ಆ ಬೀದಿಯಲ್ಲಿ ಮೊದಲಿನಿಂದಲೂ ಅಷ್ಟಕ್ಕಷ್ಟೇ.

ಹೆಂಡತಿ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಗೆ ಹೊರಟವಳು ಷೂ ಹಾಕಿಕೊಳ್ಳುತ್ತಲೇ ಕಂಪ್ಯೂಟರ್ ರಿಪೇರಿಯವನ ಜೊತೆ ಫೋನಿನಲ್ಲಿ ಮಾತಾಡಿ ಮುಗಿಸಿದಳು.

"ವೈಫೈ ನಡೆಸೋಕೆ ಡ್ರೈವರ್ ಅಂತ ಒಂದು ಪ್ರೋಗ್ರಾಂ ಇರುತ್ತಂತೆ. ಅಪ್‌ಗ್ರೇಡು ಹಳೇದನ್ನ ಎಬ್ಬಿಸಿ ಹೊಸದನ್ನ ತಂದು ಕೂರಿಸಿದೆ. ಹೊಸ ಡ್ರೈವರ್‌ಗೆ ಪಾಪ, ಈ ಮನೆ ದಾರಿ ಗೊತ್ತಿಲ್ಲ!" ಎಂದು ನಕ್ಕಳು.

ಬೇರೆ ಯಾರೂ ನಗಲಿಲ್ಲ. ಅವಳಿಗೂ ಆಮೇಲೆ ಹೊಳೆಯಿತೇನೋ, ತಲೆ ತಗ್ಗಿಸಿ ಷೂ ದಾರ ಬಿಗಿದಳು. "ಹಳೇದನ್ನ ವಾಪಸ್ ಹಾಕ್ಬಹುದಂತೆ. ಈಗ ಅವನಿಗೆ ಪುರುಸೊತ್ತಿಲ್ಲ, ಮಧ್ಯಾಹ್ನ ಫೋನಲ್ಲಿ ಹೇಳ್ಕೊಡ್ತಾನೆ. ನೀವಿಬ್ರೂ ಜಗಳ ಆಡ್ಬೇಡಿ."

"ಜಗಳ ಆಡೋಕಾದ್ರೂ ಮಾತಾಡ್ಬೇಕಲ್ಲಮ್ಮ," ಎಂದಳು ಮಗಳು.

ಬಾಗಿಲು ಮುಚ್ಚಿಕೊಂಡಿತು. ಅವನು ಗಂಟಲು ಸರಿಮಾಡಿಕೊಂಡ. "ರೂಟರ್ ಇರೋದು ನಮ್ಮ..." ಎಂದವನು ಅಲ್ಲೇ ತಿದ್ದಿಕೊಂಡ. "ಅಮ್ಮನ ಕೋಣೇಲಿ. ಅಲ್ಲಿ ಚೆನ್ನಾಗಿ ಸಿಗುತ್ತೆ."

ಅವನು ಬರುವ ತನಕ ತಾಯಿ ಮಗಳು ಆ ಕೋಣೆಯಲ್ಲೇ ಮಲಗುತ್ತಿದ್ದರು. ಅವನು ಬಂದ ದಿನ ಅವಳು ತನ್ನ ಹಾಸಿಗೆ ಸುತ್ತಿಕೊಂಡು ಹಿಂದಿನ ಸಣ್ಣ ಕೋಣೆಗೆ ಹೋದವಳು, ಮತ್ತೆ ಅಮ್ಮನ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ತಾಯಿಯನ್ನು ಕರೆಯಬೇಕಾದರೆ ಹೊರಗಿನಿಂದಲೇ ಕೂಗುತ್ತಿದ್ದಳು. ಈಗಲೂ ಹೊಸ್ತಿಲ ಹೊರಗೇ ನಿಂತು ಗೆಳತಿಯೊಬ್ಬಳಿಗೆ ವಿಡಿಯೋ ಕರೆ ಮಾಡಿ ನೋಡಿದಳು. ಗೆಳತಿಯ ನಗು ಅರ್ಧಕ್ಕೇ ಸಿಕ್ಕಿಕೊಂಡಿತು.

"ಇನ್ನೊಂಚೂರು ಒಳಗೆ ಬಂದ್ರೆ..."

"ಗೊತ್ತು."

ಅವನು ಮೊದಲು ಒಳಗೆ ಹೋಗಿ ಹೊದಿಕೆ ಮಡಿಸಿದ. ಗೂಟದಲ್ಲಿದ್ದ ತನ್ನ ಅಂಗಿ ತೆಗೆದ. ದಿಂಬು, ಟವೆಲ್ಲು, ಮಂಚದ ಕೆಳಗಿನ ಚಪ್ಪಲಿ, ಕೈಗೆ ಸಿಕ್ಕ ತನ್ನದನ್ನೆಲ್ಲ ಬಾಚಿ ಎದೆಗವಚಿಕೊಂಡು ಹೊರಗೆ ಬರುವಾಗ ಅವಳು ಎದುರಿಗೇ ನಿಂತಿದ್ದಳು. ನೇತಾಡುತ್ತಿದ್ದ ಅಂಗಿಯ ತೋಳನ್ನು ಒಂದು ಗಳಿಗೆ ನೋಡಿದಳು.

"ಅದೆಲ್ಲ ಕ್ಯಾಮೆರಾಗೆ ಕಾಣಲ್ಲ," ಎಂದಳು. "ಇರ್ಲಿ ಬಿಡಿ."

ಅವನನ್ನು ದಾಟಿ ಒಳಗೆ ಹೋಗಿ ಮಂಚದ ತುದಿಯಲ್ಲಿ ಕುಳಿತಳು. ಗೆರೆಗಳೆಲ್ಲ ತುಂಬಿಕೊಂಡವು.

ಅಂಗಡಿಗೆ ಹೊತ್ತಾಗಿದ್ದರೂ ಅವನ ಕಾಲು ಏಳಲಿಲ್ಲ. ಅರೆತೆರೆದ ಬಾಗಿಲಿನಿಂದ ಅವಳ ಒಂದು ಮಗ್ಗುಲು, ಅವಳ ಕೈಗಳು, ಪರದೆಯಲ್ಲಿ ಮೂರು ಮುಖಗಳು ಕಾಣುತ್ತಿದ್ದವು. ಮನೆಯಲ್ಲಿ ಹ್ಞೂಂ ಉಹ್ಞೂಂಗಳಲ್ಲೇ ದಿನ ದೂಡುವ ಹುಡುಗಿ ಇವಳೇನಾ ಎನ್ನಿಸಿತು. ಆ ಕೈಗಳು ಓಡಿದವು, ವಾದ ಮಾಡಿದವು, ತಮಾಷೆ ಮಾಡಿದವು, ಆಡಿದ್ದನ್ನು ಹಿಂದಕ್ಕೆ ತಗೊಂಡು ಬೇರೆ ಥರ ಹೇಳಿದವು. ಒಂದು ಸಲ ಅವಳು ಬಾಗಿಲ ಕಡೆ ಬೆರಳು ತೋರಿಸಿ, ಬೆರಳುಗಳನ್ನು ಉಂಗುರ ಮಾಡಿ ಕಣ್ಣಿಗಿಟ್ಟುಕೊಂಡಳು. ಅದು ತಾನೇ ಎಂದು ಅವನಿಗೆ ತಿಳಿಯಿತು. ಆಮೇಲೆ ಎಡ ಮುಷ್ಟಿಯ ಮೇಲೆ ಬಲ ಅಂಗೈ ಮುಚ್ಚಿ, ಏನನ್ನೋ ಜೋಪಾನ ಮಾಡುವ ಹಾಗೆ, ಮೆಲ್ಲಗೆ ಎದೆಯ ಕಡೆ ತಂದಳು. ಮೂರು ಮುಖಗಳೂ ತಲೆದೂಗಿದವು. ಅದೇನೆಂದು ಅವನಿಗೆ ತಿಳಿಯಲಿಲ್ಲ.

"ಬರೋ ತಿಂಗಳಿಂದ ಬಾ ಅಂದ್ರು," ಎಂದಳು ಹೊರಗೆ ಬಂದು.

ಮಧ್ಯಾಹ್ನ ರಿಪೇರಿಯವನ ಫೋನು ಬಂತು. ಅದೇ ಮಂಚದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ಫೋನಿನಲ್ಲಿ ಆತ ಹೇಳಿದ್ದನ್ನು ಅವಳು ಹುಡುಕಿ ಓದಿದಳು, ಇವನು ಒತ್ತಿದ. ಕೊನೆಗೆ 'ಹಿಂದಿನ ಡ್ರೈವರ್‌ಗೆ ಮರಳಿ' ಎಂಬಲ್ಲಿ ಬಂದು ಇವನ ಬೆರಳು ನಿಂತಿತು.

"ಒತ್ಲಾ?"

"ಈ ಸಲ ಕೇಳಿದ್ರಲ್ಲ. ಒತ್ತಿ."

ಪರದೆ ಒಮ್ಮೆ ಕಪ್ಪಾಗಿ ಬೆಳಗಿತು. ಅವಳು ಅದನ್ನೆತ್ತಿಕೊಂಡು ತನ್ನ ಕೋಣೆಗೆ ಹೊರಟಳು. ಅಲ್ಲಿಂದಲೇ, "ಇಲ್ಲೂ ಫುಲ್ ಬರ್ತಿದೆ," ಎಂದು ಕೂಗಿದಳು.

ಅವನು ಅವಳ ಬಾಗಿಲವರೆಗೆ ಹೋಗಿ ನಿಂತ. "ಬೆಳಗ್ಗೆ ಅವ್ರು ನನ್ನ ವಿಷಯ ಏನೋ ಕೇಳಿದ ಹಾಗಿತ್ತು?"

"ಮನೇಲಿ ಯಾರ್ಯಾರಿದ್ದಾರೆ ಅಂತ ಕೇಳಿದ್ರು," ಎಂದಳು ಪರದೆಯಿಂದ ಕಣ್ಣೆತ್ತದೆ.

ಅವನು ಅಂಗಡಿಯ ಬೀಗದ ಕೈ ತೆಗೆದುಕೊಂಡು ಹೊರಟ.

ಅಂಗಡಿಯ ಷಟರ್ ಎತ್ತಿದಾಗ ಬೀದಿಯಲ್ಲಿ ಇಳಿಬಿಸಿಲು. ಗಿರಾಕಿಗಳು ಯಾರೂ ಇರಲಿಲ್ಲ. ಹೊಸ ಕನ್ನಡಕ ತೊಟ್ಟವರು ಮುಖ ನೋಡಿಕೊಳ್ಳುವ ಕನ್ನಡಿಯ ಮುಂದೆ ನಿಂತು ಅವನು ಬಲ ಮುಷ್ಟಿಯ ಮೇಲೆ ಎಡ ಅಂಗೈ ಮುಚ್ಚಿದ. ಅಲ್ಲ ಅನ್ನಿಸಿತು. ಕೈ ಬದಲಿಸಿ, ಮೆಲ್ಲಗೆ, ಎದೆಯ ಕಡೆ ತಂದುಕೊಂಡ.