ಕಲ್ಲಾದ ಸಿಲಿಕೋನ್

ಭಾವನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಅಕ್ಕನ ಗಂಡ ಅಂತ ಕಾರ್ಖಾನೆಗೆ ಸೇರಿಸಿದವನು ನಾನೇ, ನಿಜ. ಆದರೆ ಒಂದು ಮಾತಿಗೆ ಮೂರು ಸಲ ನಗುವವನನ್ನು ನಂಬುವುದು ಹೇಗೆ?

ನಾವು ಓವನ್ ಬಾಗಿಲಿಗೆ ಸಿಲಿಕೋನ್ ರಬ್ಬರಿನ ಪಟ್ಟಿ ಮಾಡುತ್ತೇವೆ. ಬರೀ ಸಿಲಿಕೋನ್ ಎಳೆದರೆ ಹರಿದುಹೋಗುತ್ತದೆ. ಅದಕ್ಕೆ ಸಿಲಿಕಾ ಪುಡಿ ಬೆರೆಸಬೇಕು. ಚೀಲ ಬಿಚ್ಚಿದರೆ ಹೊಗೆಯ ಹಾಗೆ ಏಳುವಷ್ಟು ಸಣ್ಣ ಕಣ. ಹದವಾಗಿದ್ದರೆ ರಬ್ಬರಿಗೆ ಕಸುವು, ಹೆಚ್ಚಾದರೆ ಕಲ್ಲು. ಪುಡಿ ತೂಗುವುದು ಭಾವ. ಕಣಗಳು ಒಂದನ್ನೊಂದು ಕಚ್ಚಿಕೊಳ್ಳದಿರಲೆಂದು ಒಂದು ಲೋಟ ಎಣ್ಣೆ ಸುರಿಯುವುದು ನಾನು.

ಮೂರು ದಿನದ ರಜೆ ಮುಗಿಸಿ ಬಂದರೆ ಹೋಗುವ ಮುಂಚೆ ಇಬ್ಬರೂ ಬೆರೆಸಿಟ್ಟಿದ್ದ ರಬ್ಬರಿನ ಉಂಡೆ ಕಲ್ಲಾಗಿತ್ತು. ಉಗುರೂ ಇಳಿಯಲಿಲ್ಲ. ರಬ್ಬರ್ ಕದ್ದು, ತೂಕಕ್ಕೆ ಪುಡಿ ತುಂಬಿದ್ದಾನೆ ಎಂದು ನನಗೆ ಆಗಲೇ ಹೊಳೆಯಿತು.

"ಪುಡಿ ಎಷ್ಟು ಹಾಕಿದ್ರಿ ಭಾವ?"

"ನೀನು ಪಕ್ಕದಲ್ಲೇ ನಿಂತು ನನ್ನ ಕೈನೇ ನೋಡ್ತಿದ್ಯಲ್ಲಪ್ಪ," ಎಂದು ನಕ್ಕು, ಅಂಗೈ ಪ್ಯಾಂಟಿಗೆ ಒರೆಸಿಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ.

ಯಜಮಾನರಿಗೆ ಹೇಳಿಬಿಟ್ಟೆ. ಹತ್ತು ನಿಮಿಷದಲ್ಲಿ ಭಾವ ಊಟದ ಡಬ್ಬಿ ಹಿಡಿದು ಗೇಟು ದಾಟಿದ. ಡಬ್ಬಿಗೆ ಮುಚ್ಚಳವಿರಲಿಲ್ಲ. ಅದನ್ನೂ ಎಲ್ಲಿ ಮಾರಿಕೊಂಡನೋ ಎಂದುಕೊಂಡೆ.

ಸ್ವಲ್ಪ ಹೊತ್ತಿಗೆ ಅಕ್ಕನ ಫೋನು. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಕಣೋ. ಈ ವಯಸ್ಸಲ್ಲಿ ಇವರಿಗೆ ಇನ್ಯಾರು ಕೆಲ್ಸ ಕೊಡ್ತಾರೆ?"

ಸಾಕ್ಷಿ ತೋರಿಸಿಯೇ ಬಿಡೋಣ ಎಂದು ಉಂಡೆಯನ್ನು ರೋಲರಿಗೆ ಹಾಕಿದೆ. ಪುಡಿ ಹೆಚ್ಚಾಗಿದ್ದರೆ ಎಷ್ಟು ಅರೆದರೂ ಅದು ಬಗ್ಗುವುದಿಲ್ಲ. ಇದು ಆರನೇ ಸುತ್ತಿಗೇ ಮೆತ್ತಗಾಗಿ ಹಾಳೆಯ ಹಾಗೆ ಇಳಿಯಿತು. ಇಟ್ಟರೆ ಬಿಗಿದು, ಅರೆದರೆ ಸಡಿಲವಾಗುವುದು ಎಣ್ಣೆ ಬೀಳದ ಉಂಡೆ ಮಾತ್ರ.

ನಾನು ಎಣ್ಣೆ ಅಳೆದಿಡುವ ಲೋಟ ಎಂದಿನಂತೆ ಕಪಾಟಿನ ಮುಂಭಾಗದಲ್ಲಿ ಇರಲಿಲ್ಲ. ಹುಡುಕಿದರೆ ಡಬ್ಬಗಳ ಹಿಂದೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ಸಿಕ್ಕಿತು. ಎಣ್ಣೆ ತುಂಬಿದ್ದು ತುಂಬಿದ ಹಾಗೇ ಇತ್ತು. ಅದರ ಮೇಲೆ ಭಾವನ ಊಟದ ಡಬ್ಬಿಯ ಮುಚ್ಚಳ.

ಅವನ ಕೈ ಕಾಯುತ್ತ ನಾನು ನನ್ನ ಕೆಲಸ ಮರೆತಿದ್ದೆ. ಬೆಳಿಗ್ಗೆ ನನಗಿಂತ ಮೊದಲು ಬಂದ ಅವನು ಅದನ್ನು ಕಂಡು, ನನ್ನ ತಪ್ಪು ಯಾರಿಗೂ ಕಾಣದ ಹಾಗೆ ಬಚ್ಚಿಟ್ಟು, ಎಣ್ಣೆ ಕೈ ಒರೆಸಿಕೊಂಡು ನಕ್ಕಿದ್ದ. ನಾಚಿಕೆಯಿಂದ ನನಗೆ ಅಳು ಬಂತು.

ಎಣ್ಣೆ ಸುರಿದುಬಿಡಲು ಬಚ್ಚಲು ಎರಡು ಹೆಜ್ಜೆಯಲ್ಲಿತ್ತು, ಯಜಮಾನರ ಕೋಣೆ ಅಂಗಳದ ಆಚೆ. ಹನಿಯೂ ಚೆಲ್ಲದ ಹಾಗೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಅಂಗಳ ದಾಟಿದೆ.